ಅಕ್ಕನ ಗಟ್

“ಅಕ್ಕನ ಗಟ್ ಮಾತ್ರ ಸಾಕಾ, ಅವರ ತೋಳೂ ಬೇಕಾ?” ಎಂದರು ಗಂಟು ಮೇಷ್ಟ್ರು, ಕನ್ನಡಕದ ಮೇಲಿಂದ ನೋಡುತ್ತ. ರ್‍ಯಾಕೆಟ್‌ಗಳಿಗೆ ನೈಲಾನ್ ದಾರದ ಗಟ್ ಹೆಣೆದು ಗಂಟು ಹಾಕುವ ಅವರಿಗೆ ಆಟಗಾರರೇ ಇಟ್ಟ ಹೆಸರು ಅದು.

ತಂಗಿಗೆ ನಗಲು ಪುರುಸೊತ್ತಿರಲಿಲ್ಲ. ಬೆಳಗಿನ ಸೆಮಿಫೈನಲ್‌ನ ಕೊನೇ ಹೊಡೆತಕ್ಕೆ ಅವಳ ಗಟ್ ಪಟ್ಟೆಂದು ಹರಿದಿತ್ತು. ನಾಲ್ಕಕ್ಕೆ ಫೈನಲ್, ಎದುರಿಗೆ ಒಡಹುಟ್ಟಿದ ಅಕ್ಕ. ಐವತ್ತು ದಾಟಿದ ಹೆಂಗಸರ ಈ ಟೆನಿಸ್ ಪಂದ್ಯವನ್ನು ಆರು ವರ್ಷದಿಂದ ಅಕ್ಕನೇ ಗೆಲ್ಲುತ್ತಿದ್ದಳು. ಗೆದ್ದು, ಬಲೆಯಾಚೆಯಿಂದ ಕೈಚಾಚಿ, “ಪಾಪ, ಚೆನ್ನಾಗೇ ಆಡಿದೆ ಕಣೆ” ಅನ್ನುತ್ತಿದ್ದಳು. ಸೋತದ್ದಾದರೂ ಮರೆಯಬಹುದು, ಆ ‘ಪಾಪ’ವನ್ನು ಮರೆಯುವುದು ಹೇಗೆ?

“ಅದೇ ದಪ್ಪ ಗಟ್ ಹಾಕಿ ಮೇಷ್ಟ್ರೇ. ಅವಳದ್ದು ಎಷ್ಟು ಬಿಗಿ ಇದೆಯೋ ಅಷ್ಟೇ ಬಿಗಿ. ಕೂದಲೆಳೆಯಷ್ಟೂ ಕಮ್ಮಿ ಆಗಬಾರದು.”

ಮೇಷ್ಟ್ರು ದಪ್ಪ ಗಟ್ಟಿನ ಸುರುಳಿ ಮುಟ್ಟಲೇ ಇಲ್ಲ. “ಹೋದ ತಿಂಗಳು ಲ್ಯಾಬಲ್ಲಿ ನನ್ನ ರಕ್ತ ತೆಗೆದೋರು ನೀವೇ ತಾನೆ? ಇನ್ನೂ ಚುಚ್ಚಿಲ್ವಾ ಅಂತ ನಾನು ಕೇಳ್ತಿದ್ರೆ, ನೀವು ಆಗಲೇ ಹತ್ತಿ ಒತ್ತಿ ಹಿಡಿದಿದ್ರಿ! ನಿಮ್ಮಕ್ಕ ಬೇಕರಿಯಲ್ಲಿ ಮೂವತ್ತು ವರ್ಷ ಹಿಟ್ಟು ನಾದಿದೋರು. ಅವರು ಹೊಡೆಯೋರು ಕಣಮ್ಮ, ನೀವು ಚುಚ್ಚೋರು. ನಿಮಗ್ಯಾಕೆ ಆ ಒನಕೆ?”

ಮೇಲಿನ ಗೂಟದಿಂದ ತೆಳ್ಳಗಿನ ಸುರುಳಿಯೊಂದನ್ನು ಇಳಿಸಿದರು. “ಇದೂ ನೈಲಾನೇ. ಆದರೆ ನೂರಾರು ನವಿರು ಎಳೆ ಸೇರಿಸಿ ಹೊಸೆದದ್ದು. ಚೆಂಡನ್ನ ಒಂದು ಗಳಿಗೆ ತೊಡೆ ಮೇಲೆ ಕೂರಿಸ್ಕೊಂಡು ಆಮೇಲೆ ಕಳಿಸುತ್ತೆ. ಬಲೆ ದಾಟಿಸಿ ಅಲ್ಲೇ ಕೆಡವೋಕೆ ಇದರಂಥದ್ದು ಇನ್ನೊಂದಿಲ್ಲ. ಬೇಗ ಹರಿಯುತ್ತೆ, ಅದೊಂದೇ ದೋಷ.”

“ಎಷ್ಟು ದಿನ ಬರುತ್ತೆ?”

“ದಿನದ ಮಾತು ಬಿಡಿ. ಇವತ್ತಿನ ಆಟಕ್ಕೆ ಮೋಸ ಇಲ್ಲ.”

ತಂಗಿ ತನ್ನ ಬೂಟುಗಳನ್ನು ನೋಡಿಕೊಂಡಳು. ಅಕ್ಕ ಹೇಳಿದ ಬೂಟು. ತಲೆಯ ಮೇಲೆ ಅಕ್ಕನದೇ ಹಳೇ ಟೋಪಿ. ಸರ್ವ್ ಮಾಡುವಾಗ ಚೆಂಡು ಎಸೆಯುವ ರೀತಿಯೂ ಅಕ್ಕನದೇ. “ಹಾಕಿ! ಇವತ್ತು ಬಂದರೆ ಸಾಕು!”

ಮುಕ್ಕಾಲು ಗಂಟೆ ಅವಳು ಕುಳಿತಲ್ಲಿ ಕುಳಿತಿರಲಿಲ್ಲ. ಯಂತ್ರ ಒಂದೊಂದು ಎಳೆಯನ್ನು ಕಿರ್ರೆಂದು ಬಿಗಿಯುವಾಗಲೂ ಅವಳ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಕೊನೇ ಗಂಟು ಬಿದ್ದದ್ದೇ ರ್‍ಯಾಕೆಟ್ ಕಸಿದುಕೊಂಡು, ಅಂಗಡಿಯ ಗೋಡೆಗೆ ಚೆಂಡು ಹೊಡೆದಳು. ಮರಳಿ ಬಂದದ್ದಕ್ಕೆ ಮೆಲ್ಲಗೆ ರ್‍ಯಾಕೆಟ್ ಒಡ್ಡಿದಳು. ಚೆಂಡು ನಿದ್ದೆ ಬಂದ ಮಗುವಿನ ಹಾಗೆ ಅವಳ ಪಾದದ ಬಳಿಯೇ ಬಿದ್ದುಕೊಂಡಿತು.

“ಅಯ್ಯಯ್ಯೋ ಮೇಷ್ಟ್ರೇ!” ಎಂದು ಕುಣಿದವಳು ಬಾಗಿಲ ಕಡೆ ತಿರುಗಿ ಗಕ್ಕನೆ ನಿಂತಳು. ರ್‍ಯಾಕೆಟ್ ಚೀಲ ಹೆಗಲಿಗೇರಿಸಿದ ಅಕ್ಕ ಅಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

“ಏನೇ ಅದು? ಕೊಡಿಲ್ಲಿ.” ಅಕ್ಕ ಹೆಬ್ಬೆರಳಿನಿಂದ ಗಟ್ ಒತ್ತಿದಳು, ಮತ್ತೆ ಒತ್ತಿದಳು. “ಯಾರೇ ಹೇಳಿದ್ದು ನಿಂಗೆ, ಇದನ್ನ ಹಾಕಿಸ್ಕೋ ಅಂತ?”

“ಮೇಷ್ಟ್ರು ತೋರಿಸಿದರು. ಒಪ್ಪಿದ್ದು ನಾನು.”

ಅಕ್ಕ ತಂಗಿಯ ರ್‍ಯಾಕೆಟ್ ಮರಳಿಸಿ, ತನ್ನದನ್ನು ಚೀಲದಿಂದ ತೆಗೆದಳು. “ಮೇಷ್ಟ್ರೇ, ನಂಗೂ ಇದನ್ನೇ ಹಾಕಿ.”

“ನಿಮ್ಮದು ಮೊನ್ನೆ ತಾನೆ ಹಾಕಿದ್ದು! ಕಲ್ಲಿನ ಹಾಗಿದೆ. ಅದಕ್ಕೇನಾಗಿದೆ?”

“ಏನೂ ಆಗಿಲ್ಲ. ಹಾಕಿ ಅಂದ್ರೆ ಹಾಕಿ.”

ಮೇಷ್ಟ್ರು ತಂಗಿಯ ಮುಖ ನೋಡಿದರು. ಅಷ್ಟರಲ್ಲೇ ಅಕ್ಕ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡು, ತನ್ನ ಹೊಸ ಗಟ್ಟನ್ನು ನಟ್ಟನಡುವೆ ಟಪ್ಪೆಂದು ಕತ್ತರಿಸಿದಳು.