ಹಗ್ಗ ಎಳೆಯುವ ಮುಂಚೆ

ಪೆಟ್ರೋಲ್ ಬಂಕಿನ ಮುಂದೆ ಹಾದುಹೋಗುವಾಗ ಈಗಲೂ ಶರಾವತಿ ಹಿನ್ನೀರಿನ ಆ ಮಧ್ಯಾಹ್ನ ಮೂಗಿಗೆ ಬರುತ್ತದೆ. ಅದರಲ್ಲಿ ನಿಜವೆಷ್ಟು, ನಾನು ಸೇರಿಸಿದ್ದೆಷ್ಟು, ಹೇಳಲಾರೆ.

ತಂಗಿ ಜ್ವರದಲ್ಲಿ ಕಣ್ಣು ತೆರೆಯುತ್ತಿರಲಿಲ್ಲ. ನೀರು ದಾಟಿದರೆ ಮಾತ್ರ ಸಾಗರದ ಆಸ್ಪತ್ರೆ. ಅಷ್ಟು ಅವಸರದಲ್ಲೂ ಅಪ್ಪ ದೋಣಿಯ ಪೆಟ್ರೋಲ್ ಟ್ಯಾಂಕನ್ನು ದಡಕ್ಕಿಳಿಸಿ, ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ, ಚೆಲ್ಲಿದ್ದನ್ನು ಒರೆಸಿಯೇ ದೋಣಿಗೆ ತಂದ. ಒಳಗೆ ಗಾಳಿ ಹೋಗಲೆಂದು ಅದರ ಮುಚ್ಚಳದ ತಿರುಪು ಸಡಿಲಿಸಿದ. ಪೆಟ್ರೋಲ್ ಮೋಟಾರಿಗೇರಲು ಪೈಪಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಹಿಚುಕಿ, ಹಿಂತುದಿಯಲ್ಲಿ ನಿಂತು ಮೋಟಾರು ಚಾಲೂ ಮಾಡುವ ಹಗ್ಗಕ್ಕೆ ಕೈಹಾಕಿದ. ನೀರಿನಲ್ಲಿ ನಿಂತ ಸತ್ತ ಮರಗಳ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

"ಎಳೀಬೇಡ. ಪೆಟ್ರೋಲ್ ವಾಸನೆ," ಎಂದಳು ದೋಣಿಯ ಮುಂದಿನ ತುದಿಯಲ್ಲಿ ಕೂತಿದ್ದ ಅಜ್ಜಿ.

"ಒಲೆ ಮೇಲೆ ಹಾಲು ಸೀದ್ರೂ ನಿಂಗೆ ಗೊತ್ತಾಗಲ್ಲ. ನಿನ್ನ ಮೂಗು ಸತ್ತು ಎಷ್ಟು ವರ್ಷ ಆಯ್ತು, ಅಮ್ಮಾ?" ಎಂದ ಅಪ್ಪ. ಟ್ಯಾಂಕು ತುಂಬಿದ ಅವನ ಕೈಯೇ ನಾರುತ್ತಿದ್ದರಿಂದ ನಮಗೆ ಬೇರೆ ವಾಸನೆ ತಿಳಿದಿರಲಿಲ್ಲ.

"ಮಗು ಮೈ ಸುಡ್ತಿದೆ, ಬೇಗ ಎಳೀರಿ!" ಎಂದು ನನ್ನ ಅಮ್ಮ ಅತ್ತಳು.

"ನಿನ್ನ ಕಾಲಡಿ ಹಲಗೆ ಎತ್ತೋ," ಎಂದಳು ಅಜ್ಜಿ.

ಅಪ್ಪ ಸಿಟ್ಟಿನಿಂದ ಹಲಗೆ ಕಿತ್ತ. ಪೈಪು ಬಿರಿದಿತ್ತು, ಕೆಳಗೆ ನಿಂತ ನೀರಿನ ಮೇಲೆ ಪೆಟ್ರೋಲ್ ಬಣ್ಣಬಣ್ಣವಾಗಿ ಹರಡಿತ್ತು. ಒಂದು ಕಿಡಿ ಸಾಕಿತ್ತು.

ಬಟ್ಟೆಯಲ್ಲಿ ಎಲ್ಲ ಹೀರಿ ತೆಗೆದು, ಬಿರಿದ ತುದಿ ಕತ್ತರಿಸಿ ಪೈಪು ಸಿಕ್ಕಿಸಿ, ಗಾಳಿಯಾಡುವವರೆಗೆ ಕಾದು ದಾಟಿದೆವು. ತಂಗಿ ಉಳಿದಳು. ಸೋರಿದ ಪೆಟ್ರೋಲಿನ ತಂಪು ಅಜ್ಜಿಯ ಪಾದಕ್ಕೆ ತಾಗಿರಬೇಕೆಂದು ಆಮೇಲೆ ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಅವಳಿದ್ದದ್ದು ಮುಂದಿನ ತುದಿಯಲ್ಲಿ, ಸೋರಿದ್ದು ಹಿಂದೆ, ಅಪ್ಪನ ಕಾಲಡಿ.

ನಡುನೀರಿನಲ್ಲಿ ಅಪ್ಪ ಕೇಳಿದ: "ನಿಂಗೆ ಹ್ಯಾಗೆ ವಾಸನೆ ಬಂತು?"

"ನಂಗೆಲ್ಲಿ ಬಂತು?" ಎಂದ ಅಜ್ಜಿ, ಅಜ್ಜ ಬದುಕಿದ್ದಾಗ ಕೂರುತ್ತಿದ್ದ ಪಕ್ಕದ ಖಾಲಿ ಜಾಗ ನೋಡಿ, ಅವನೆದುರು ಮಾಡುತ್ತಿದ್ದಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.