ಪೆಟ್ಟಿಗೆ ಸಾಗಿಸುವ ಹೊತ್ತು

ಪುಷ್ಯದ ಇಬ್ಬನಿ ಆರುವ ಹೊತ್ತಿಗೆ ಜೇನುಗಾರರ ಸಂಘದ ಅಂಗಳದಲ್ಲಿ ಖಾಲಿ ಪೆಟ್ಟಿಗೆಗಳಿಗೆ ಮೇಣ ಸವರುವ ಕೆಲಸ ಶುರುವಾಗಿತ್ತು. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನೊಳಗೂ ಮೇಣದ ವಾಸನೆ ನುಗ್ಗುತ್ತಿತ್ತು. ಒಳಕೋಣೆಯಲ್ಲಿ ವಿನಯಾ ಹೊಸ ಸರ್ವರ್ ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದಳು. ಸಂಘದ ವೆಬ್‌ಸೈಟು, ಮೇಲ್ ಎಲ್ಲ ನೋಡಿಕೊಳ್ಳುವವಳು ಅವಳೇ. ಹಳೆಯದನ್ನು ಆರಿಸಿ ಹೊಸದನ್ನು ಹಚ್ಚಲು ಅಧ್ಯಕ್ಷ ಸೀತಾರಾಮಪ್ಪ, ಊರ ಭಟ್ಟರ ಹತ್ತಿರ ಮುಹೂರ್ತ ಇಡಿಸಿಕೊಂಡು ಬಂದಿದ್ದ. ಮಟಮಟ ಮಧ್ಯಾಹ್ನಕ್ಕೆ.

ಮೂಲೆಯಲ್ಲಿ ಹಳೇ ಸರ್ವರು ತುಂಬಿದ ಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. ಅದರ ಪಕ್ಕದ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಪುಟ್ಟಪ್ಪ ಕೂತಿದ್ದ. ಈ ಸಲ ಬೇರೆ ಯಾರಿಗೂ ಸಿಕ್ಕದಷ್ಟು ಜೇನುತುಪ್ಪ ಅವನ ಪೆಟ್ಟಿಗೆಗಳಲ್ಲಿ ಸಿಕ್ಕಿತ್ತು. ಗುಡ್ಡದ ಮೇಲೆ ಗುರಿಗೆ ಗಿಡ ಹೂ ಬಿಟ್ಟಿದೆ, ಎಷ್ಟೋ ವರ್ಷಕ್ಕೊಮ್ಮೆ ಬಿಡುವ ನೀಲಿ ಹೂವು ಅದು ಎಂದು ಅವನು ಹೇಳಿದರೆ, ಹತ್ತಿ ನೋಡಿ ಬಂದವರಿಲ್ಲ. ಕೊಳ್ಳುವ ಕಂಪನಿಯವರು ಸಕ್ಕರೆ ಪಾಕದ ಅನುಮಾನವೆಂದು ಬರೆದು ಅಷ್ಟನ್ನೂ ವಾಪಸು ಕಳಿಸಿದರು. ಅದರಲ್ಲೊಂದು ಬಾಟಲಿ ಸೀತಾರಾಮಪ್ಪನ ಮೇಜಿನ ಮೇಲೆ ಮುಚ್ಚಳ ತೆಗೆಯದೆ ಹಾಗೇ ಇತ್ತು. ಎರಡನೇ ಪರೀಕ್ಷೆಯ ವರದಿ ಇವತ್ತು ಮೇಲ್‌ನಲ್ಲಿ ಬರಬೇಕು. ಬಾರದೇ ಹೋದರೆ ನಾಳೆಯ ಸಭೆಯಲ್ಲಿ ಪುಟ್ಟಪ್ಪನನ್ನು ಸಂಘದಿಂದ ತೆಗೆಯುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು.

"ಹೊತ್ತಾಯ್ತು ಕಣೇ ವಿನಯಾ, ಹಳೇದನ್ನ ಆರ್ಸು," ಎಂದು ಸೀತಾರಾಮಪ್ಪ ಕಾಯಿ ಹಿಡಿದು ಬಂದ.

"ಹೊಸದು ಹಚ್ತೀನಿ ಸೀತಾರಾಮಣ್ಣ. ಹಳೇದೂ ಇರ್ಲಿ."

"ಒಂದು ಮನೇಲಿ ಎರಡು ಒಲೆ ಎಂತಕ್ಕೆ? ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

"ಹೊಸ ವಿಳಾಸ ಎಲ್ಲಾ ಕಡೆ ಗೊತ್ತಾಗೋಕೆ ಒಂದೆರಡು ದಿನ ಬೇಕು. ಅಲ್ಲೀವರೆಗೆ ಸುಮಾರು ಮೇಲ್ ಹಳೇ ಬಾಗ್ಲಿಗೇ ಬರ್ತವೆ. ಬಾಗ್ಲು ಮುಚ್ಚಿದ್ರೆ ಕೆಲವು ಕಾಯ್ತವೆ, ಕೆಲವು ಹಾಗೇ ತಿರುಗಿ ಹೋಗ್ತವೆ."

ಸೀತಾರಾಮಪ್ಪ ಬೆಂಚಿನ ಕಡೆ ಓರೆಗಣ್ಣಲ್ಲಿ ನೋಡಿದ. "ಬರೋದೆಂತ ಇದೆ? ಏನು ಬರ್ತದೆ ಅಂತ ಊರಿಗೇ ಗೊತ್ತು."

ಪುಟ್ಟಪ್ಪ ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡ. ವಿನಯಾ ಕುಂಕುಮದ ಬೆರಳನ್ನು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ನೀವು ಹುಳ ಇರೋ ಪೆಟ್ಟಿಗೇನ ಮಧ್ಯಾಹ್ನ ಸಾಗಿಸ್ತೀರಾ, ಸೀತಾರಾಮಣ್ಣ?"

ಕಾಯಿ ಎತ್ತಿದ ಕೈ ಅಲ್ಲೇ ನಿಂತಿತು. ಜೇನು ಸಾಕುವ ಯಾರೂ ಹಗಲಲ್ಲಿ ಪೆಟ್ಟಿಗೆ ಎತ್ತುವುದಿಲ್ಲ. ಮೇಯಲು ಹೋದ ಹುಳ ಹೊಟ್ಟೆ ತುಂಬ ಮಕರಂದ ಹೊತ್ತು ಬಂದು, ಪೆಟ್ಟಿಗೆ ಇದ್ದ ಬರೀ ಕಂಬದ ಸುತ್ತ ಸುತ್ತಿ ಸುತ್ತಿ ಅಲ್ಲೇ ಬಿದ್ದುಹೋಗುತ್ತದೆ. ಕಪ್ಪಾಗಿ, ಎಲ್ಲವೂ ಒಳಗೆ ಸೇರಿದ ಮೇಲೇ ಬಾಗಿಲಿಗೆ ಹುಲ್ಲು ತುರುಕಿ ಪೆಟ್ಟಿಗೆ ಎತ್ತಬೇಕು. ವಿನಯಾಳಿಗೆ ಮೊದಲ ಪೆಟ್ಟಿಗೆ ಕೊಟ್ಟ ದಿನ ಇದನ್ನು ಹೇಳಿಕೊಟ್ಟವನು ಸೀತಾರಾಮಪ್ಪನೇ.

"ಮಾತು ಕಲ್ತು ಬಿಟ್ಟಿದೀಯ," ಎಂದು ಅವನು ಕಾಯಿ ಒಡೆದ. ಹೊಸದು ಹತ್ತಿತು. ಹಳೆಯದು ಆರಲಿಲ್ಲ.

ಊಟದ ಹೊತ್ತು ಕಳೆಯಿತು. ಅಂಗಳದ ಮೇಣದ ವಾಸನೆ ಬಿಸಿಲಿಗೆ ಕರಗಿ ಒಳಗೆ ಹರಿದು ಬಂತು. ಎರಡು ಯಂತ್ರಗಳ ಗುಂಯ್‌ ಸದ್ದು ಹೊರಗಿನ ಹುಳಗಳ ಸದ್ದಿಗೆ ಕೂಡಿಕೊಂಡು, ಯಾವುದು ಯಾವುದೆಂದು ತಿಳಿಯದೆ ವಿನಯಾಳಿಗೆ ಕೂತಲ್ಲೇ ಜೊಂಪು ಹತ್ತಿತು. ಅರೆಗಣ್ಣಲ್ಲಿ ಅವಳಿಗೆ ಮೇಲ್‌ಗಳು ಕಾಣಿಸಿದವು. ಗುಡ್ಡದ ಮೇಲಿನ ನೀಲಿ ಹೂವಿನ ಕಡೆಯಿಂದ ಒಂದೊಂದಾಗಿ, ಭಾರಕ್ಕೆ ತುಸು ಕೆಳಗಿಳಿದು, ಬಿಸಿಲಲ್ಲಿ ಮಿಂಚುತ್ತ ಬರುತ್ತಿದ್ದವು.

"ಇದೇ ತನ್ನ ಮನೆ ಅಂತ ಆ ಮೇಲ್‌ಗೆ ಹೆಂಗೆ ಗೊತ್ತಾಗ್ತದೆ?" ಪುಟ್ಟಪ್ಪನ ದನಿ ಎಲ್ಲಿಂದಲೋ ಬಂದ ಹಾಗಿತ್ತು.

"ವಿಳಾಸ ಬರ್ದಿರ್ತಾರೆ ಪುಟ್ಟಪ್ಪಣ್ಣ."

"ಹುಳಕ್ಕೆ ಯಾರೂ ಬರ್ದಿರಲ್ಲ, ನೋಡು," ಎಂದು ಅವನು ನಕ್ಕ. ಆ ದಿನ ನಕ್ಕಿದ್ದು ಅದೊಂದೇ ಸಲ.

ಬಿಸಿಲು ಗೋಡೆ ಹತ್ತಿ ಹೋಯಿತು. ಅಂಗಳದ ಅಂಚಿನ ಪೆಟ್ಟಿಗೆಗಳಿಗೆ ಹುಳಗಳು ಇಳಿಯತೊಡಗಿದವು. ಮೊದಲು ಗುಂಪಾಗಿ, ಆಮೇಲೆ ಒಂದು, ಇನ್ನೊಂದು. ಕಪ್ಪಾಗುತ್ತ ಬಂದಾಗ ಹಳೇ ಸರ್ವರಿನ ಪರದೆ ಮೇಲೆ ಒಂದು ಸಾಲು ಮೂಡಿತು.

"ಬಂತು," ಎಂದು ವಿನಯಾ ಎದ್ದು ನಿಂತು, ಓದಿ, ಮತ್ತೊಮ್ಮೆ ಓದಿದಳು. "ಪಾಕ ಇಲ್ಲ. ಸಕ್ಕರೆ ಇಲ್ಲ. ಶುದ್ಧ ತುಪ್ಪ ಅಂತ ಬರ್ದಿದಾರೆ."

ಪುಟ್ಟಪ್ಪ ಪರದೆ ನೋಡಲು ಬರಲಿಲ್ಲ. ಬೆಂಚಿನಿಂದ ಎದ್ದು, ಕೂತು ಕೂತು ಹಿಡಿದುಕೊಂಡಿದ್ದ ಮಂಡಿಯನ್ನು ನೀವಿಕೊಂಡ.

ಸೀತಾರಾಮಪ್ಪ ಮೇಜಿನ ಮೇಲಿನ ಬಾಟಲಿ ಎತ್ತಿ ಮುಚ್ಚಳ ತಿರುಗಿಸಿದ. ಅಂಗೈಗೆ ಸುರಿದುಕೊಂಡು ನೆಕ್ಕಿದ. ಕಣ್ಣುಗಳು ತಾವಾಗಿ ಮುಚ್ಚಿದವು. "ಗುರಿಗೆ," ಎಂದ, ಬೇರೆ ಯಾರದೋ ದನಿಯಲ್ಲಿ. "ಗುರಿಗೆ ತುಪ್ಪ ಕಣೋ ಇದು. ಸಣ್ಣವನಿದ್ದಾಗ ಅವ್ವ ರೊಟ್ಟಿ ಮೇಲೆ ಹಾಕಿ ಕೊಟ್ಟಿದ್ಲು. ಅದೇ. ಅದೇ ರುಚಿ."

ಪುಟ್ಟಪ್ಪ ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ. "ಕಾಗದ ದೂರದಿಂದ ಬರ್ಬೇಕಿತ್ತು ಸೀತಾರಾಮ," ಎಂದ. "ನಾಲಿಗೆ ನಿನ್ನ ಬಾಯಲ್ಲೇ ಇತ್ತಲ್ಲೋ."

ಅವನ ಹೆಜ್ಜೆ ಸದ್ದು ಅಂಗಳ ದಾಟಿತು. ವಿನಯಾ ಹಳೇ ಸರ್ವರಿನ ಕಡೆ ಕೈ ಮಾಡಿ ಕೇಳಿದಳು: "ಆರಿಸ್ಲಾ?"

"ಬೇಡ. ಇನ್ನೂ ಯಾವ್ದಾದ್ರೂ ಹೊರಗಿದ್ರೆ..."

ಮಾತು ಅರ್ಧಕ್ಕೆ ಬಿಟ್ಟು ಸೀತಾರಾಮಪ್ಪ ಪುಟ್ಟಪ್ಪ ಹೋದ ಬಾಗಿಲ ಕಡೆ ತಿರುಗಿ ಕೈ ಮುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಗಿದ ಕೈಗಳು ತುಪ್ಪಕ್ಕೆ ಅಂಟಿಕೊಂಡವು. ಬಿಡಿಸಿಕೊಳ್ಳಲು ಅವನಿಗೆ ತುಸು ಹೊತ್ತೇ ಹಿಡಿಯಿತು.