ಬೋಂಡನ ಹೇಳಿಕೆ

ನಾಯಿಗಳ ಮನಸ್ಸಿನದನ್ನು ಮಾತಾಗಿಸುವ ಕೊರಳ ಪಟ್ಟಿ ಬಂದ ಮೇಲೆ ವಿಮೆಯವರು ಸಾಕಿದವರ ಮಾತನ್ನು ನಂಬುವುದು ಬಿಟ್ಟಿದ್ದರು. ಕಾಯಿಲೆ ಇದೆಯೋ ಇಲ್ಲವೋ, ನಾಯಿಯೇ ಹೇಳಬೇಕು.

ಸುಕನ್ಯಾ ತನ್ನ ಪಗ್ ನಾಯಿ ಬೋಂಡನನ್ನು ವಿಮೆ ಕಚೇರಿಯ ಮೇಜಿನ ಮೇಲೆ ಕೂರಿಸಿದಳು. ಚಪ್ಪಟೆ ಮೂಗಿನ ಜಾತಿ. ಕೂತಲ್ಲೇ ಗೊರಗೊರ ಸದ್ದು.

"ಸಣ್ಣ ಪಾಲಿಸೀಲಿ ಈ ಜಾತಿ ನಾಯಿಗಳ ಉಸಿರಾಟದ ತೊಂದರೆ ಸೇರಲ್ಲಮ್ಮ," ಎಂದರು ಅಧಿಕಾರಿ ಮುತ್ತಣ್ಣ. "ದೊಡ್ಡದ್ರಲ್ಲಿ ಆಪರೇಷನ್ನೂ ಸೇರುತ್ತೆ. ಆದ್ರೆ ಇವನು ಈಗ್ಲೇ ನೋವಿದೆ ಅಂದ್ಬಿಟ್ರೆ ಕೊಡಕ್ಕಾಗಲ್ಲ."

"ದೊಡ್ಡದೇ ಕೊಡಿ ಸಾರ್."

ಆಪರೇಷನ್ ಆಗದಿದ್ದರೆ ಬೋಂಡ ಈ ಬೇಸಿಗೆ ದಾಟುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವಳು ಎಷ್ಟೋ ದಿನದಿಂದ ಮುದ್ದಿಸಿ, ಗದರಿಸಿ, ಬೋಂಡನಿಗೆ ಒಂದೇ ಉತ್ತರ ಕಲಿಸಿದ್ದಳು.

ಮುತ್ತಣ್ಣ ಬಗ್ಗಿದರು. "ಏನಯ್ಯ ಬೋಂಡ, ಬಾಣಲೇಲಿ ಬಿದ್ದೋನ ಹಾಗೆ ಸದ್ದು ಮಾಡ್ತೀಯಲ್ಲ. ಎಲ್ಲಾದ್ರೂ ನೋವಿದೆಯಾ?"

ಬೋಂಡ ಸುಕನ್ಯಾಳ ಮುಖ ನೋಡಿತು.

"ಇಲ್ಲ," ಎಂದಿತು ಕೊರಳ ಪಟ್ಟಿ.

ಮೊಹರು ಬಿತ್ತು. ಸುಕನ್ಯಾಳ ಕಣ್ಣು ತುಂಬಿ ಬಂತು.

"ಮುಂದಿನ ವಾರದಿಂದ ಜಾರಿ," ಎಂದರು ಮುತ್ತಣ್ಣ. "ಆಪರೇಷನ್ ಬೇಕಾದಾಗ ಕರ್ಕೊಂಡ್ಬನ್ನಿ. ನೋವಿದೆ ಅಂತ ಅವನೇ ಹೇಳ್ಬೇಕು, ಅಷ್ಟೆ. ನೀವು ಹೇಳಿದ್ರೆ ನಡೆಯಲ್ಲ."

ಹೊರಗೆ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬೋಂಡ ಕುಸಿದು ಕೂತಿತು. ನಾಲಿಗೆ ನೀಲಿಗಟ್ಟಿತ್ತು. ಅವಳು ರಸ್ತೆಯಲ್ಲೇ ಮಂಡಿಯೂರಿದಳು.

"ನೋವಾಗ್ತಿದೆ ಅಲ್ವಾ ಕಂದ? ಇನ್ಮೇಲೆ ನಿಜ ಹೇಳ್ಬಹುದು. ಹೇಳೋ, ನೋವಿದೆ ಅನ್ನೋ."

ಅವಳನ್ನು ಮೆಚ್ಚಿಸಲು ಬೋಂಡ ಬಾಲ ಆಡಿಸಿತು.

"ಇಲ್ಲ," ಎಂದಿತು.